ಡಾಂಬರು ಕೆರೆಯ ರಾಣಿ

ನಮ್ಮ ಮಾವ ಪ್ರಭುಸ್ವಾಮಿಯವರು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯೇ ಅವರ ಪಾಲಿನ ಕಡಲತೀರ. ಸಂಜೆ ಅಲ್ಲಿ ತಿರುಗಾಡಿಕೊಂಡು ಬಂದು ಮಫ್ಲರ್ ಬಿಚ್ಚುವಾಗ ಹಡಗಿನಿಂದ ಈಗ ತಾನೇ ಇಳಿದವರ ಹಾಗೆ ಗತ್ತು ಮಾಡುತ್ತಿದ್ದರು. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೇಳುವ ಹುಡುಗರು ಕೈತಪ್ಪಿದ ಮೇಲೆ ಆ ಭೂಗೋಳವೆಲ್ಲ ಮನೆಯ ಹೆಂಗಸರ ತಲೆಯ ಮೇಲೆ ಬಿತ್ತು. ನಾನು ಅಕ್ಕಿ ಆರಿಸುತ್ತ ಕೂತಿದ್ದರೆ ಎದುರಿಗೆ ಬಂದು ನಿಂತು, “ಐಸ್‌ಲೆಂಡಿನಲ್ಲಿ ಸೊಳ್ಳೆ ಇಲ್ಲ ಕಣಮ್ಮ” ಅನ್ನುವರು. “ಹಂಗಾರೆ ಅಲ್ಲೇ ಹೋಗಿ ಇದ್ಬುಡಿ” ಎಂದು ಅಡಿಗೆಮನೆಯಿಂದ ಅತ್ತೆಯ ಉತ್ತರ ಬರುವುದು.

ಅತ್ತೆ ಗಿರಿಜಾಂಬಾ ಐದಡಿ ಇದ್ದರೆ ಹೆಚ್ಚು. ಆದರೆ ಚಾಮರಾಜಪುರಂನ ನಮ್ಮ ಮನೆಯಲ್ಲಿ ಅವರ ಮಾತು ಮೀರಿ ಉಪ್ಪಿನ ಮರಿಗೆಯೂ ಜಾಗ ಬದಲಿಸುವಂತಿರಲಿಲ್ಲ. ನಾನು ಗುಂಡ್ಲುಪೇಟೆಯಿಂದ ಸೊಸೆಯಾಗಿ ಬಂದಾಗ ನಮ್ಮವ್ವ ತನ್ನ ಪಟ್ಟದ ಗೊಂಬೆ ಜೋಡಿಯನ್ನು, ರಕ್ತಚಂದನದ ರಾಜ ರಾಣಿಯನ್ನು, ಟ್ರಂಕಿನಲ್ಲಿಟ್ಟು ಕಳಿಸಿದ್ದಳು. ನವರಾತ್ರಿಯ ಪಾಡ್ಯದ ದಿನ ಆ ಜೋಡಿಯನ್ನು ಪಟ್ಟಕ್ಕೆ ಕೂರಿಸುವುದು, ವಿಜಯದಶಮಿಯ ಸಂಜೆ ಮಲಗಿಸುವುದು, ಇದು ಅವ್ವನ ಅವ್ವನಿಂದ ನಡೆದು ಬಂದದ್ದು. ಮೊದಲನೆಯ ವರ್ಷವೇ ಟ್ರಂಕು ತೆಗೆಯಹೋದೆ. ಅತ್ತೆ ಮುಚ್ಚಳದ ಮೇಲೆ ಕೈಯಿಟ್ಟರು. “ಒಂದು ಮನೆಗೆ ಒಬ್ಬನೇ ರಾಜ ಕಣಮ್ಮ. ಎರಡು ಪಟ್ಟ ಕೂರಿಸಬಾರದು. ಇದು ಈ ಮನೆ ಪದ್ಧತಿ.”

ಮರುವರ್ಷ ಅವ್ವ ತೀರಿಕೊಂಡಳು. ಅವಳು ಹೋದ ಮೇಲೆ ಆ ಟ್ರಂಕು ನನಗೆ ಬರಿಯ ಟ್ರಂಕಾಗಿ ಉಳಿಯಲಿಲ್ಲ. ಪ್ರತಿ ನವರಾತ್ರಿಯಲ್ಲೂ ಅತ್ತೆಯ ರಾಜ ರಾಣಿ ಮೆಟ್ಟಿಲ ತುದಿಯಲ್ಲಿ ಮೆರೆಯುವುದು, ನನ್ನ ಜೋಡಿ ನಡುಮನೆಯ ಮಂಚದ ಕೆಳಗೆ ಟ್ರಂಕಿನಲ್ಲಿ ಕರ್ಪೂರದ ಗುಳಿಗೆ ಮೂಸುತ್ತ ಮಲಗಿರುವುದು. ಒಮ್ಮೆ, ಒಂದೇ ಒಂದು ಸಲ, ಅವ್ವನ ಗೊಂಬೆ ಪಟ್ಟಕ್ಕೆ ಕೂರಬೇಕು ಎಂಬುದು ನನ್ನ ಹಟ. ಗಂಡ ಶಿವಮಲ್ಲಪ್ಪನಿಗೆ ಹೇಳಿದರೆ, “ನಮ್ಮವ್ವನ್ನ ಕೇಳು” ಎಂದು ಸೈಕಲ್ ಹತ್ತಿ ಹೋಗುತ್ತಿದ್ದ. ತಾಯಿ ಹೆಂಡತಿ ನಡುವೆ ಸಿಕ್ಕಿಕೊಂಡ ಗಂಡಸಿಗೆ ಸೈಕಲ್ಲಿಗಿಂತ ಆಪ್ತಮಿತ್ರನಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ಆಗಸ್ಟ್ ಮುಗಿಯುವ ಹೊತ್ತಿಗೆ ಮಾವನ ರೇಡಿಯೊ ಒಂದು ಸುದ್ದಿ ಹೇಳಿತು. ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಜೋಡಿ ದ್ವೀಪ ಸ್ವತಂತ್ರವಾಯಿತು. ಮಾವ ಮೊಮ್ಮಗ ಹುಟ್ಟಿದವರ ಹಾಗೆ ಕುಣಿದಾಡಿದರು. ಅದೆಲ್ಲಿದೆ ಎಂದು ಯಾರೂ ಕೇಳಲಿಲ್ಲ, ಕೇಳದಿದ್ದರೂ ಹೇಳಿದರು. ವೆನೆಜುವೆಲಾದಿಂದ ಸಮುದ್ರದ ಮೇಲೆ ಏಳು ಮೈಲಿಯಂತೆ. ಎರಡು ದ್ವೀಪ ಸೇರಿಸಿದರೂ ನಮ್ಮ ಮೈಸೂರು ಜಿಲ್ಲೆಯ ಅರ್ಧಕ್ಕೆ ಬರುವುದಿಲ್ಲವಂತೆ. ಕೊಲಂಬಸ್ ದೂರದಿಂದ ಮೂರು ಗುಡ್ಡ ಕಂಡು ತನ್ನ ಮತದ ತ್ರಿಮೂರ್ತಿಗಳ ಹೆಸರಿಟ್ಟನಂತೆ.

“ಅಲ್ಲಿ ಮೊದಲೇ ಜನ ಇರ್ಲಿಲ್ವಾ?” ಎಂದರು ಅತ್ತೆ.

“ಇದ್ರು.”

“ಅವರು ಊರಿಗೆ ಒಂದು ಹೆಸರಿಟ್ಕೊಂಡಿರ್ಲಿಲ್ವಾ?”

“ಇಟ್ಕೊಂಡಿದ್ರು.”

“ಮತ್ತೆ ಇವನ್ಯಾರು ನಾಮಕರಣ ಮಾಡೋಕೆ, ಸೋದರತ್ತೆನಾ?”

ಮಾವ ರೇಡಿಯೊದ ಕಿವಿ ಹಿಂಡಿ ಸದ್ದು ಹೆಚ್ಚಿಸಿದರು. ಯುರೋಪಿನವರ ಬಳಿಯೂ ಇದಕ್ಕೆ ಉತ್ತರ ಇದ್ದಂತಿಲ್ಲ.

ಅತ್ತೆಗೆ ಆಗ ಬೇರೆ ಚಿಂತೆ ಹತ್ತಿತ್ತು. ನಮ್ಮ ಬಡಾವಣೆಯ ಹೆಂಗಸರ ಸಂಘ ವರ್ಷವರ್ಷ ಗೊಂಬೆ ಜೋಡಣೆಗೆ ಬಹುಮಾನ ಕೊಡುತ್ತಿತ್ತು, ಒಂದು ಬೆಳ್ಳಿಯ ಕುಂಕುಮದ ಭರಣಿ. ಅದು ಪ್ರತಿ ವರ್ಷವೂ ಹಿಂದಿನ ಬೀದಿಯ ಪಂಕಜಾಳ ಪಾಲಾಗುತ್ತಿತ್ತು. ಅವಳು ಎನಿಮಾ ಡಬ್ಬಿಯ ರಬ್ಬರ್ ಕೊಳವೆಯಿಂದ ಜೋಗ ಜಲಪಾತ ಹರಿಸುತ್ತಿದ್ದಳು. ಎಲ್ಲರೂ ಕೈಮುಗಿದು ನೋಡುವರು. “ಆ ಕೊಳವೆ ಯಾತಕ್ಕೆ ತಂದಿದ್ದು ಅಂತ ಊರಿಗೆಲ್ಲ ಗೊತ್ತು. ಅದರ ನೀರು ನೋಡಕ್ಕೆ ಸಾಲು ಬೇರೆ!” ಎಂದು ಅತ್ತೆ ಉರಿದುಹೋಗುತ್ತಿದ್ದರು. ಈ ಸಲ ಯಾರೂ ಕಂಡರಿಯದ್ದನ್ನು ಮಾಡಬೇಕು ಎಂದು ಅವರು ಹೇಳಿದ್ದೇ ತಡ, ಮಾವ ಕನ್ನಡಕ ಏರಿಸಿ, “ಟ್ರಿನಿಡಾಡ್” ಎಂದರು.

ಮದುವೆಯಾದಂದಿನಿಂದ ಗಂಡನ ಭೂಗೋಳವನ್ನು ಒಗ್ಗರಣೆಗೂ ಬಳಸದ ಹೆಂಗಸು ಅವತ್ತು ಸೌಟು ಕೆಳಗಿಟ್ಟು ಪೂರ್ತಿ ಕೇಳಿದರು. ಕರಿಯ ಗುಲಾಮರನ್ನು ಬಿಡುಗಡೆ ಮಾಡಿದ ಮೇಲೆ ಕಬ್ಬಿನ ಗದ್ದೆಗೆ ಆಳು ಸಾಲದೆ ಬ್ರಿಟಿಷರು ನಮ್ಮ ದೇಶದವರನ್ನು ಕರಾರು ಬರೆಸಿಕೊಂಡು ಹಡಗು ಹತ್ತಿಸಿದ್ದು. ಹೋದವರು ಅಲ್ಲೇ ಬೇರುಬಿಟ್ಟು, ಈಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಮ್ಮವರೇ ಆಗಿರುವುದು. ಡೋಲು ಬಾರಿಸಬಾರದು ಎಂದು ಸರ್ಕಾರ ಅಪ್ಪಣೆ ಮಾಡಿದಾಗ ಅಲ್ಲಿಯ ಜನ ಮೊದಲು ಬಿದಿರು ಕುಟ್ಟಿ, ಆಮೇಲೆ ಬಿಸ್ಕತ್ತಿನ ಡಬ್ಬ ಬಡಿದು, ಕೊನೆಗೆ ಎಣ್ಣೆಯ ಪೀಪಾಯಿಯ ತಳವನ್ನೇ ತಟ್ಟಿ ತಗ್ಗಿಸಿ ಅದರಲ್ಲಿ ಸ್ವರ ಹೊರಡಿಸಿದ್ದು. ಟೊಬೇಗೊ ಎಂಬ ಪುಟ್ಟ ದ್ವೀಪವನ್ನು ಡಚ್ಚರು, ಫ್ರೆಂಚರು, ಇಂಗ್ಲಿಷರು ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಸರದಿಯ ಮೇಲೆ ಹಿಡಿದುಕೊಂಡಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ನೂರು ಎಕರೆಯ ಒಂದು ಕೆರೆ. ಅದರಲ್ಲಿ ನೀರಿಲ್ಲ, ಇರುವುದೆಲ್ಲ ಡಾಂಬರು. ಭೂಮಿಯೊಳಗಿಂದ ತಾನಾಗಿ ಉಕ್ಕಿ ಬಂದದ್ದು.

“ಅದರ ಮೇಲೆ ಮನುಷ್ಯರು ನಡೆದಾಡ್ತಾರೆ ಗಿರಿಜಾ! ಏನೂ ಆಗಲ್ಲ!”

“ಅಲ್ಲಿ ರಾಜ ಯಾರು?” ಗೊಂಬೆ ಕೂರಿಸುವವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ.

“ರಾಜ ಇಲ್ಲ, ರಾಣಿ ಇದಾಳೆ. ಇಂಗ್ಲೆಂಡಿನ ರಾಣೀನೇ ಅಲ್ಲಿಗೂ ರಾಣಿ.”

“ಸ್ವತಂತ್ರ ಬಂದಮೇಲೂನಾ? ಇದೆಂಥ ಸ್ವತಂತ್ರ ಬುಡಿ! ಬೇರೆ ಮನೆ ಮಾಡ್ಕೊಂಡು ಹೋಗೋವಾಗ ಅತ್ತೇನೂ ಜೊತೇಲಿ ಕರ್ಕೊಂಡು ಹೋದಂಗಾಯ್ತು.”

ನಾನು ತುಟಿ ಕಚ್ಚಿ ನಗು ತಡೆದೆ. ಅತ್ತೆ ಅದನ್ನು ಗಮನಿಸಲಿಲ್ಲ. ಅವರ ತಲೆಯಲ್ಲಿ ಆಗಲೇ ದ್ವೀಪ ಎದ್ದಿತ್ತು. ನನ್ನ ಕಡೆ ತಿರುಗಿದರು. “ಸರ್ವಮಂಗಳಾ, ನಿನ್ನ ಟ್ರಂಕ್‌ನಲ್ಲಿ ಒಂದು ರಾಣಿ ಇದೆ ಅಲ್ವಾ, ತೆಗಿ. ಅದು ಬೇರೆ ದೇಶ, ಅಲ್ಲಿ ಕೂರಿಸಿದ್ರೆ ತಪ್ಪಿಲ್ಲ.”

“ರಾಜನ್ನೂ ತರ್ಲಾ ಅತ್ತೆ?”

“ಅಲ್ಲಿ ರಾಣಿ ಒಬ್ಬಳೇ ಅಂತೆ. ಬೇಕಾದ್ರೆ ನಿಮ್ಮ ಮಾವನ್ನೇ ಕೇಳು.”

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವ್ವನ ರಾಣಿಯಾದರೂ ಬೆಳಕು ಕಾಣಲಿ ಎಂದು ಒಪ್ಪಿದೆ. ರಾಜ ಒಬ್ಬನೇ ಮಂಚದ ಕೆಳಗೆ ಉಳಿದ.

ಪಾಡ್ಯದ ಹೊತ್ತಿಗೆ ನಡುಮನೆಯಲ್ಲಿ ಟ್ರಿನಿಡಾಡ್ ಸಿದ್ಧವಾಯಿತು. ನೀಲಿ ರಂಗೋಲಿಯ ಸಮುದ್ರ. ರಾಗಿ ಪೈರು ಬೆಳೆಸಿದ ಮೂರು ಮಣ್ಣಿನ ಗುಡ್ಡ. ತೆಂಗಿನ ಚಿಪ್ಪು ಬೋರಲು ಹಾಕಿದ ಟೊಬೇಗೊ. ಪೊಲೀಸ್ ಗೊಂಬೆಯ ತಲೆಗೆ ಕಾಗದದ ಟೋಪಿ ಇಟ್ಟು ಕೊಲಂಬಸ್ ಮಾಡಿದೆವು. ಪ್ರತಿ ವರ್ಷ ಬೇಳೆಕಾಳಿನ ಅಂಗಡಿ ಇಟ್ಟುಕೊಂಡು ಕೂರುತ್ತಿದ್ದ ಶೆಟ್ಟಿ ಶೆಟ್ಟಮ್ಮ ಗೊಂಬೆಗಳಿಗೆ ಈ ವರ್ಷ ಕಬ್ಬಿನ ಗದ್ದೆಯ ಕೂಲಿ ಬಿತ್ತು. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಮುಂದೆ ಹಾಲಿನ ಪುಡಿಯ ಡಬ್ಬದ ಮುಚ್ಚಳಗಳು, ಅದು ಪೀಪಾಯಿ ವಾದ್ಯದ ಮೇಳ. ನನ್ನ ಗಂಡ ರಸ್ತೆ ಕೆಲಸದವರನ್ನು ಬೇಡಿ ಡಾಲ್ಡಾ ಡಬ್ಬದಲ್ಲಿ ಬಿಸಿ ಡಾಂಬರು ತಂದ. ಅದನ್ನು ಅಗಲವಾದ ಆಳದ ಹಿತ್ತಾಳೆ ಬೋಗುಣಿಗೆ ಸುರಿದು ಒಂದು ದಿನ ಬಿಟ್ಟೆವು. ಕಲ್ಲಿನಂತೆ ಗಟ್ಟಿಯಾಯಿತು. ಮಾವ ಅದನ್ನು ಬೆರಳಿನಿಂದ ಕುಟ್ಟಿ, “ನಾನು ಹೇಳ್ಲಿಲ್ವಾ?” ಎಂದು ಬೀಗಿದರು.

ಅತ್ತೆ ಮೆಟ್ಟಿಲ ತುದಿಯಲ್ಲಿ ಎಂದಿನ ರಾಜ ರಾಣಿಯನ್ನು ಕೂರಿಸಿದರು. ಆಮೇಲೆ ನನ್ನ ಅವ್ವನ ರಾಣಿಗೆ ಹಸಿರು ರೇಷ್ಮೆ ಚೂರು ಉಡಿಸಿ, ಕೆರೆ ನೋಡಲು ಬಂದವಳಂತೆ ಡಾಂಬರಿನ ನಟ್ಟನಡುವೆ ನಿಲ್ಲಿಸಿದರು. ಎಷ್ಟಾದರೂ ಪಟ್ಟದ ಗೊಂಬೆ ಎಂದು ಅವಳಿಗೂ ಕುಂಕುಮವಿಟ್ಟು ಅಕ್ಷತೆ ಹಾಕಿದರು. ಕಡೆಗೆ ಕೆರೆ ಮಿರಿಮಿರಿ ಮಿಂಚಲಿ ಎಂದು ನೆತ್ತಿಯ ಮೇಲೆ ನೂರು ಕ್ಯಾಂಡಲ್ಲಿನ ಬಲ್ಬು ಕಟ್ಟಿಸಿದರು.

ಮೊದಲ ಸಂಜೆಯೇ ಜನ ಬಂದರು. “ಇದು ನಮ್ಮೋರ್ನ ಈ ವರ್ಷ ಕ್ರಿಕೆಟ್‌ನಲ್ಲಿ ಐದಕ್ಕೆ ಐದು ಟೆಸ್ಟೂ ಸೋಲಿಸಿದ ಊರಲ್ವೇನ್ರೀ?” ಎಂದು ಗಂಡಸರು ಹಲ್ಲು ಕಡಿದರು. ಆ ಐದರಲ್ಲಿ ಎರಡು ಇದೇ ದ್ವೀಪದಲ್ಲಿ ನಡೆದದ್ದು ಎಂದು ಮಾವ ಹೆಮ್ಮೆಯಿಂದ ಹೇಳಿದರು. ಒಬ್ಬರು ಕೋಸಂಬರಿ ಮುಟ್ಟದೆ ಎದ್ದುಹೋದರು.

ಮೂರನೆಯ ದಿನ ಹೂ ಏರಿಸಲು ಹೋದಾಗ ನೋಡುತ್ತೇನೆ, ರಾಣಿಗೆ ಪಾದಗಳಿಲ್ಲ. ಬಲ್ಬಿನ ಕಾವಿಗೆ ಡಾಂಬರು ಮೆತ್ತಗಾಗಿತ್ತು. “ಅತ್ತೆ, ಮುಳುಗ್ತಾ ಇದಾಳೆ!” ಎಂದು ಕೈಚಾಚಿದೆ. ಅವರು ನನ್ನ ಕೈ ಹಿಡಿದರು.

“ಅಕ್ಷತೆ ಬಿದ್ದ ಗೊಂಬೇನ ದಶಮಿವರೆಗೂ ಕದಲಿಸಬಾರದು. ಮನೆಗೆ ಆಗಲ್ಲ.”

“ಹಂಗಾರೆ ಬಲ್ಬಾದ್ರೂ ಆರಿಸಿ.”

“ಬಂದೋರಿಗೆ ಕತ್ತಲೇಲಿ ಏನು ಕಾಣುತ್ತೆ, ನಿನ್ನ ಮುಖಾನಾ?”

ನಾನು ಬಲ್ಬು ಆರಿಸುವುದು, ಅವರು ಹೊತ್ತಿಸುವುದು. ಹೀಗೆ ನಡೆದು ರಾಣಿ ಮೊಣಕಾಲಿನವರೆಗೆ ಇಳಿದಳು. ಮಾವ ಲೈಬ್ರರಿಗೆ ಓಡಿ ಪುಸ್ತಕ ತಿರುವಿ ಬಂದರು. ಕೆರೆಯ ಮೇಲೆ ನಡೆಯಬಹುದು ಎಂಬಲ್ಲಿಗೆ ಅವರು ಓದು ನಿಲ್ಲಿಸಿದ್ದರು. ಒಂದೇ ಕಡೆ ನಿಂತರೆ ಮೆಲ್ಲಗೆ ಒಳಗೆ ಹೋಗಬಹುದು ಎಂಬುದು ಮುಂದಿನ ಸಾಲಿನಲ್ಲಿತ್ತು. ಪಶ್ಚಾತ್ತಾಪವೇನೂ ಆಗಲಿಲ್ಲ. “ಇದೇ ಕಣಮ್ಮ ಅಸಲಿ! ಹಳೇ ಮರಗಳು ಅಲ್ಲಿ ಹಿಂಗೇ ಮುಳುಗಿ, ಎಷ್ಟೋ ಕಾಲ ಆದಮೇಲೆ ಇನ್ನೆಲ್ಲೋ ಮೇಲಕ್ಕೆ ಬರ್ತವೆ” ಎಂದು ನನಗೇ ಸಮಾಧಾನ ಹೇಳಿದರು. ನನಗೆ ಅಳುವುದೋ ಅವರ ಮಫ್ಲರನ್ನು ಡಾಂಬರಿಗೆ ಅದ್ದುವುದೋ ತಿಳಿಯಲಿಲ್ಲ.

ಸುದ್ದಿ ಹಬ್ಬಿತು. ಅಗ್ರಹಾರದಿಂದ, ಲಕ್ಷ್ಮೀಪುರಂನಿಂದ, ಮಂಡಿ ಮೊಹಲ್ಲಾದಿಂದ ಕೂಡ ಮುಳುಗುವ ರಾಣಿಯನ್ನು ನೋಡಲು ಜನ ಬಂದರು. ಪಂಕಜಾಳ ಜೋಗ ಅನಾಥವಾಗಿ ಸುರಿಯುತ್ತಿತ್ತು. ನಡುಮನೆ ತುಂಬಿದಾಗ ಮಾವ ಅಲ್ಲಿಯ ಆದಿವಾಸಿಗಳ ಕತೆ ಹೇಳುತ್ತಿದ್ದರು. ಆ ದ್ವೀಪದಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ಹಕ್ಕಿಗಳಿವೆ, ರೆಕ್ಕೆ ಬಡಿದರೆ ದುಂಬಿಯ ಸದ್ದು. ಸತ್ತ ಹಿರಿಯರ ಜೀವ ಅವುಗಳಲ್ಲಿ ಇರುತ್ತದೆ ಎಂದು ನಂಬಿಕೆ. ಒಂದು ಊರಿನವರು ಯುದ್ಧ ಗೆದ್ದ ಮದದಲ್ಲಿ ಆ ಹಕ್ಕಿಗಳನ್ನೇ ಹಿಡಿದು ಬೇಯಿಸಿ ತಿಂದರು. ದೇವರಿಗೆ ಸಿಟ್ಟು ಬಂದು ನೆಲ ಬಾಯಿಬಿಟ್ಟಿತು, ಊರಿಗೆ ಊರೇ ಡಾಂಬರಿನಲ್ಲಿ ಮುಳುಗಿತು.

“ಅಂದ್ರೆ ಅತ್ತೆ ಮಾವಂದಿರ್ನ ಹುರ್ಕೊಂಡು ತಿಂದ್ರು ಅನ್ನಿ” ಎಂದರು ಅತ್ತೆ, ನನ್ನ ಕಡೆ ನೋಡುತ್ತ.

“ಹಿರಿಯರು ಬದುಕಿದ್ದಾಗ ಇವರನ್ನ ಎಷ್ಟು ಹುರಿದಿದ್ರೋ” ಎಂದೆ ನಾನು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕರು, ಆದರೆ ಅವತ್ತು ನನಗೆ ಕಾಫಿ ತಣ್ಣಗೆ ಬಂತು.

ದುರ್ಗಾಷ್ಟಮಿಯ ಸಂಜೆ ಸಂಘದ ಕಾರ್ಯದರ್ಶಿ ವಸಂತಮ್ಮನವರು ಪರೀಕ್ಷೆಗೆ ಬಂದರು. ಸೊಂಟದ ಬೀಗದಕೈ ಗೊಂಚಲು ಅಲುಗಿಸುತ್ತ ಸುತ್ತ ನೋಡಿ ಕೆರೆಯ ಮುಂದೆ ನಿಂತುಬಿಟ್ಟರು. ಅಷ್ಟರಲ್ಲಿ ರಾಣಿ ಎದೆಯವರೆಗೂ ಹೋಗಿದ್ದಳು. ಹಸಿರು ರೇಷ್ಮೆ ಸುತ್ತಲೂ ಅಂಟಿಕೊಂಡು, ಮುಖ ಮಾತ್ರ ಹಾಗೇ ನಗುತ್ತಿತ್ತು. ಸಾಯುವ ಹಿಂದಿನ ವಾರ ಅವ್ವನೂ ಕತ್ತಿನವರೆಗೆ ಕಂಬಳಿ ಹೊದ್ದು ಹೀಗೇ ನಗುತ್ತ ಮಲಗಿದ್ದಳು.

“ಭರಣಿ ನಿಮ್ದೇ ಅನ್ಕೊಳಿ ಗಿರಿಜಾಂಬಾ,” ಎಂದರು ವಸಂತಮ್ಮ. “ನಾಳೆ ನಮ್ಮ ಪ್ರೆಸಿಡೆಂಟಮ್ಮನ್ನ ಕರ್ಕೊಂಡು ಬರ್ತೀನಿ. ಅಷ್ಟೊತ್ತಿಗೆ ಇನ್ನೊಂಚೂರು ಹೋಗಿರ್ಲಿ, ಮೂಗಿನವರೆಗೆ. ನೋಡೋಕೆ ಚೆನ್ನಾಗಿರುತ್ತೆ. ಬಲ್ಬು ಆರಿಸಬೇಡಿ ಮತ್ತೆ.”

ಅತ್ತೆಯ ಮುಖ ಬೆಳಗಿತು. ನನ್ನ ಸಹನೆಗೂ ಒಂದು ತಳವಿತ್ತು, ಅದು ಅಲ್ಲಿ ಸಿಕ್ಕಿತು.

“ಅತ್ತೆ, ಒಂದು ಮಾತು ಹೇಳಿ. ಇವಳು ಪಟ್ಟಕ್ಕೆ ಕೂತಿದಾಳೋ ಇಲ್ವೋ?”

“ಇದೇನೆ ಈಗ?”

“ಕೂತಿದ್ರೆ ಇವಳ ರಾಜ ಎಲ್ಲಿ? ಮಂಚದ ಕೆಳಗೆ ಯಾಕೆ ಇದಾನೆ? ಕೂತಿಲ್ಲ ಅಂದ್ರೆ ಇವಳು ಬರೀ ಮರದ ಬೊಂಬೆ, ಯಾವಾಗ ಬೇಕಾದ್ರೂ ಎತ್ತಬಹುದು. ಎರಡ್ರಲ್ಲಿ ಒಂದು ಹೇಳಿ.”

ಅತ್ತೆ ಬಾಯಿ ತೆರೆದರು, ಮುಚ್ಚಿದರು. ಆ ಮನೆಯಲ್ಲಿ ಹಾಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಣಿಯ ಭುಜ ಹಿಡಿದು ಎಳೆದೆ.

ಅವಳು ಬರಲಿಲ್ಲ. ಬಂದದ್ದು ಕೆರೆ. ಬೋಗುಣಿಯ ಸಮೇತ ಮೇಲೆದ್ದು, ಅರ್ಧದಲ್ಲಿ ಅಂಟು ಬಿಟ್ಟು, ದಢಾರನೆ ಟ್ರಿನಿಡಾಡಿನ ಮೇಲೆ ಬಿತ್ತು. ಮೂರು ಗುಡ್ಡಗಳೂ ಒಂದೇ ಗುಡ್ಡವಾದವು. ಕೊಲಂಬಸ್ ತಲೆಕೆಳಗಾಗಿ ಸಮುದ್ರಕ್ಕೆ ಬಿದ್ದ. ಪೀಪಾಯಿ ಮೇಳ ಝಣಝಣ ಎಂದು ಚೆದರಿತು. ಟೊಬೇಗೊ ಉರುಳಿಕೊಂಡು ಮಂಚದ ಕೆಳಗೆ ನನ್ನ ರಾಜನ ಹತ್ತಿರಕ್ಕೆ ಹೋಯಿತು. ವಸಂತಮ್ಮನವರ ಮೊಳಕಾಲ್ಮೂರು ಸೀರೆಯ ಮೇಲೆ ಕರಿಯ ಹನಿ ಹಾರಿತು. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಿಮ್ಮನೇಲಿ ಸೊಸೆ ಕಾಲ ಬೇಗ ಬಂದ್ಬುಡ್ತು!” ಎಂದು ಅವರು ಬೀಗದಕೈ ಸದ್ದು ಮಾಡುತ್ತ ಹೊರಟೇಹೋದರು. ಭರಣಿ ಎನಿಮಾ ಕೊಳವೆಯ ಪಾಲಾಯಿತು.

ನನ್ನ ಗಂಡ ಸೈಕಲ್ ಹುಡುಕಿಕೊಂಡು ಹೊರಟ. ಅತ್ತೆ ನನ್ನ ಮುಂದೆ ಬಂದು ನಿಂತರು. ಕೆನ್ನೆಗೆ ಬೀಳುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಅವರು ನನ್ನ ಕೈಯಿಂದ ರಾಣಿಯನ್ನು ಕಿತ್ತುಕೊಂಡು, “ಹರಳೆಣ್ಣೆ ತಾ. ಹಳೇ ಬಟ್ಟೆನೂ ತಾ” ಎಂದರು.

ಹಿತ್ತಲ ಜಗಲಿಯಲ್ಲಿ ಕೂತು ಅವರು ಎಣ್ಣೆ ಹಚ್ಚಿ ತಿಕ್ಕಿದರು. ನಾನು ಎದುರಿಗೆ ಕೂತು ಬಟ್ಟೆ ಹರಿದು ಕೊಟ್ಟೆ. ಎದೆ, ಸೊಂಟ, ಮೊಣಕಾಲು ಒಂದೊಂದಾಗಿ ಕೆಂಪಗೆ ಹೊರಗೆ ಬಂದವು. ಪಾದದ ಹತ್ತಿರ ಮಾತ್ರ ಎಷ್ಟು ತಿಕ್ಕಿದರೂ ನಾಲ್ಕು ಸಣ್ಣ ಕುಳಿಗಳಲ್ಲಿ ಕಪ್ಪು ಉಳಿಯಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದರು.

“ಇದೇನೇ ಇದು? ಇಲಿನಾ?”

“ನಾನು. ಹಲ್ಲು ಬರೋವಾಗ ಕಚ್ಚಿದ್ದಂತೆ. ಅವ್ವ ಹೇಳ್ತಿದ್ಲು.”

ಅತ್ತೆ ಆ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. “ನನ್ನ ರಾಣೀಗೆ ಮೂಗಿಲ್ಲ. ನಾನೇ ಕಚ್ಚಿ ಕಿತ್ತುಹಾಕಿದ್ದೆ.”

ನಾನು ಬಾಗಿಲ ಸಂದಿಯಿಂದ ನಡುಮನೆಯ ಕಡೆ ನೋಡಿದೆ. ಮೆಟ್ಟಿಲ ತುದಿಯಲ್ಲಿ ಕೂತಿದ್ದ ರಾಣಿಯ ಮೂಗು ವಕೀಲರ ಮೂಗಿನ ಹಾಗೆ ನೆಟ್ಟಗಿತ್ತು.

“ಅವಳಿಗೆ ಮೂಗಿದ್ಯಲ್ಲ ಅತ್ತೆ?”

“ಅವಳು ನಮ್ಮತ್ತೇದು ಕಣೆ. ನಂದು ಅಟ್ಟದ ಮೇಲದೆ.”

ಹರಿಯುತ್ತಿದ್ದ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಮದುವೆಯಾಗಿ ಬಂದ ವರ್ಷ ಅವರೂ ಟ್ರಂಕು ತೆಗೆಯಹೋಗಿದ್ದರಂತೆ. ಒಂದು ಮನೆಗೆ ಒಬ್ಬನೇ ರಾಜ ಎಂದು ಆ ಮುದುಕಿ ಮುಚ್ಚಳದ ಮೇಲೆ ಕೈಯಿಟ್ಟಳಂತೆ. ಅವಳು ಸತ್ತು ಇಪ್ಪತ್ತು ವರ್ಷವಾಗಿತ್ತು. ಆದರೂ ಅತ್ತೆ ವರ್ಷವರ್ಷ ಅವಳ ಗೊಂಬೆಯನ್ನೇ ಪಟ್ಟಕ್ಕೆ ಕೂರಿಸಿ ಆರತಿ ಎತ್ತುತ್ತಿದ್ದರು. ಪದ್ಧತಿ ಅಂದಮೇಲೆ ಪದ್ಧತಿ. ನನಗೆ ಅಳು ಬಂತು, ಜೊತೆಗೆ ಎಂದೂ ನೋಡಿರದ ಆ ಸತ್ತ ಹೆಂಗಸಿನ ಮೇಲೆ ಸಿಟ್ಟೂ ಬಂತು. ಅವಳನ್ನು ಹಕ್ಕಿ ಮಾಡಿ ಯಾರಾದರೂ ತಿಂದಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ನಿನ್ನ ಗೊಂಬೆ ಇತ್ತಾ ಗಿರಿಜಾ? ನಂಗೆ ಗೊತ್ತೇ ಇರ್ಲಿಲ್ವಲ್ಲ.”

“ಟ್ರಿನಿಡಾಡ್‌ನಲ್ಲಿ ಮರ ಎಲ್ಲಿ ಮುಳುಗಿ ಎಲ್ಲಿ ಏಳುತ್ತೆ ಅಂತ ಗೊತ್ತಲ್ಲ ನಿಮಗೆ. ಅಷ್ಟು ಸಾಕು ಬುಡಿ.”

ಮಾವ ಏಣಿ ತಂದು ಒರಗಿಸಿ, ಪಂಚೆ ಎತ್ತಿ ಕಟ್ಟಿ, ಅಟ್ಟ ಹತ್ತಿದರು. ಬಹಳ ಹೊತ್ತು ಮೇಲೆ ಪಾತ್ರೆ ಬೀಳುವ, ಕೆಮ್ಮುವ ಸದ್ದು ಕೇಳಿತು. ಜೇಡರ ಬಲೆ ಹೊದ್ದುಕೊಂಡು, ಹಳೆಯ ಸೀರೆಯ ಗಂಟೊಂದನ್ನು ಎದೆಗೊತ್ತಿಕೊಂಡು ಇಳಿದು ಬಂದರು. ಅದನ್ನು ಅತ್ತೆಯ ಮಡಿಲಲ್ಲಿಟ್ಟರು. ಆ ಗಂಟಿನ ಬಗ್ಗೆ ಅವರ ಬಳಿ ಹೇಳಲು ಒಂದು ವಿಷಯವೂ ಇರಲಿಲ್ಲ.

ಮಹಾನವಮಿಯ ಬೆಳಿಗ್ಗೆ ಮೆಟ್ಟಿಲ ತುದಿಯಲ್ಲಿ ಮೂರು ಜೋಡಿ ಒತ್ತರಿಸಿಕೊಂಡು ಕೂತವು. ನೆಟ್ಟ ಮೂಗಿನವಳು, ಮೂಗಿಲ್ಲದವಳು, ಡಾಂಬರಿನಿಂದ ಎದ್ದು ಬಂದವಳು, ಮೂವರ ಪಕ್ಕದಲ್ಲೂ ಅವರವರ ರಾಜರು. ಮೂರು ರಾಜರು ಕೂತದ್ದಕ್ಕೆ ಮನೆಯ ಹೆಂಚೇನೂ ಹಾರಿಹೋಗಲಿಲ್ಲ. ನೋಡಲು ಯಾರೂ ಬರಲಿಲ್ಲ; ನಾವು ಮಾಡಿದ ಕೋಸಂಬರಿಯನ್ನು ನಾವೇ ತಿಂದೆವು.

ಮರುದಿನ ವಿಜಯದಶಮಿ. ಸಂಜೆ ಆರತಿಯಾದ ಮೇಲೆ ಅತ್ತೆ ಪದ್ಧತಿಯಂತೆ ಗೊಂಬೆಗಳನ್ನು ಮಲಗಿಸಲು ಬಂದರು. ಮೊದಲು ತಮ್ಮ ಅತ್ತೆಯ ಜೋಡಿಯನ್ನು ಮಲಗಿಸಿದರು. ಆಮೇಲೆ ನನ್ನ ಕಡೆ ಸನ್ನೆ ಮಾಡಿದರು, ನಾನು ಅವ್ವನ ಜೋಡಿಯನ್ನು ಮಲಗಿಸಿದೆ. ಕೊನೆಗೆ ತಮ್ಮ ಮೂಗಿಲ್ಲದ ರಾಣಿಯನ್ನು ಎತ್ತಿಕೊಂಡರು. ಮಲಗಿಸಲಿಲ್ಲ. ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಅವಳಿಗೆ ಉಡಿಸಿದ್ದ ರೇಷ್ಮೆಯ ಚೂರನ್ನು ಸರಿಮಾಡಿದರು.

“ದಶಮಿ ಅಲ್ವಾ ಅತ್ತೆ, ಮಲಗಿಸ್ಬೇಕು” ಎಂದೆ.

“ಮಲಗಿ ಸಾಕಾಗಿ ನಿನ್ನೆ ತಾನೇ ಎದ್ದಿದಾಳೆ,” ಎಂದರು ಅತ್ತೆ. “ಇನ್ನೊಂದೆರಡು ದಿನ ಕೂತಿರ್ಲಿ ಬುಡು.”